ಒದೆಯದ ಮೇಕೆ

“ಗುರುಗಳೇ, ದಾಸೋಹದ ಅಡುಗೆಮನೆಯಿಂದ ಒಂದು ತಿಂಗಳಿಂದ ಯಾರ ದೂರೂ ಬಂದಿಲ್ಲ. ಅಲ್ಲಿ ಎಲ್ಲರೂ ನೆಮ್ಮದಿಯಾಗಿದ್ದಾರೆಂದು ತಿಳಿಯಬಹುದಲ್ಲವೇ?” ಎಂದು ಮುರಿಗಯ್ಯ ಕೇಳಿದ.

ಮಠದ ಅಡುಗೆಮನೆಯ ಉಸ್ತುವಾರಿ ಅವನ ಕೈಗೆ ಬಂದು ಎರಡು ತಿಂಗಳಾಗಿತ್ತು. ಮೊದಲ ತಿಂಗಳು ಅಡುಗೆಯವರು ಹೊಗೆ ಎಂದರು, ಕೊಪ್ಪರಿಗೆ ಎತ್ತಿ ಸೊಂಟ ಬಿದ್ದುಹೋಯಿತು ಎಂದರು. ದೂರು ಹೇಳಿದವರಿಗೆ ಮಾರನೆಯ ದಿನ ಕೆಲಸವಿಲ್ಲವೆಂದು ಅವನು ಕಟ್ಟಪ್ಪಣೆ ಮಾಡಿದ. ಆಮೇಲೆ ಯಾರೂ ತುಟಿಪಿಟಕ್ಕೆನ್ನಲಿಲ್ಲ. ಗುರುಗಳಿಗೆ ಇದು ಗೊತ್ತಿತ್ತು. ಕೂತುಕೋ ಎಂದು ಸನ್ನೆ ಮಾಡಿ ಈ ಕತೆ ಹೇಳಿದರು.

ಒಬ್ಬ ಬಡಗಿಯಿದ್ದ. ಅವನು ಮಾಡಿದ ಮಂಚ ಕಿರುಗುಟ್ಟಿದ್ದನ್ನು ಆ ಸೀಮೆಯಲ್ಲಿ ಯಾರೂ ಕೇಳಿರಲಿಲ್ಲ. ಎಲ್ಲಿ ಸದ್ದು ಬಂದರೂ ಅಲ್ಲೊಂದು ಬೆಣೆ ಹೊಡೆಯುವುದು ಅವನ ಪದ್ಧತಿ. ಕೆಲಸದಲ್ಲಿ ಗಟ್ಟಿಗನೇ, ಬೆಣೆ ಹೊಡೆದರೆ ಸರಿಹೋಗದ್ದು ಲೋಕದಲ್ಲಿ ಯಾವುದೂ ಇಲ್ಲವೆಂದುಕೊಂಡಿದ್ದ, ಅಷ್ಟೆ.

ಬಾಣಂತನಕ್ಕೆಂದು ಬಂದಿದ್ದ ಅವನ ಮಗಳು ಹೆತ್ತ ಹನ್ನೊಂದನೆಯ ದಿನ ತೀರಿಕೊಂಡಳು. ಹೆಣ್ಣುಕೂಸು ಉಳಿಯಿತು. ಹಸುವಿನ ಹಾಲು ಕುಡಿಸಿದರೆ ಅದು ಕಕ್ಕುತ್ತಿತ್ತು. ಮನೆಯ ಮೇಕೆಯ ಹಾಲು ಮಾತ್ರ ಹೊಟ್ಟೆಯಲ್ಲಿ ನಿಲ್ಲುತ್ತಿತ್ತು. ಊರಿನಲ್ಲಿ ಆಗ ಹಾಲು ಕೊಡುವ ಮೇಕೆ ಅದೊಂದೇ. ಬಡಗಿಯ ಜೀವವೆಲ್ಲ ಆ ಕೂಸಿನ ಮೇಲಿತ್ತು.

ಹಾಲು ಕರೆಯುತ್ತಿದ್ದವಳು ಅವನ ಹೆಂಡತಿ. ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕೂತು ಮೊದಲು ಮರಿಯನ್ನು ಬಿಡುತ್ತಿದ್ದಳು. ಅದು ಎರಡು ಮೊಲೆಗೂ ಬಾಯಿ ಹಾಕಿ ನಾಲ್ಕು ಗುಟುಕು ಕುಡಿದ ಮೇಲೆ ಅದನ್ನು ಕಟ್ಟಿ, ತಾನು ಚೊಂಬು ಹಿಡಿಯುತ್ತಿದ್ದಳು. ಒಂದು ದಿನ ಬಾವಿಕಟ್ಟೆಯಲ್ಲಿ ಜಾರಿ ಅವಳ ಮುಂಗೈ ಮುರಿಯಿತು. ಕರೆಯುವ ಕೆಲಸ ಗಂಡನ ಪಾಲಿಗೆ ಬಂತು.

ಮೇಕೆ ಎರಡು ದಿನ ಸುಮ್ಮನಿದ್ದು, ಮೂರನೆಯ ದಿನ ಎಡಮೊಲೆಗೆ ಕೈ ಹಾಕಿದೊಡನೆ ಒದೆಯಿತು. ಚೊಂಬು ಮಗುಚಿತು. ಅಂದು ಕೂಸು ಗಂಜಿಯ ತಿಳಿ ಕುಡಿದು ಹಗಲೆಲ್ಲ ಅತ್ತಿತು. ಆ ಅಳು ಕೇಳಲಾರದೆ ಬಡಗಿ ಉಳಿ, ಬಾಚಿ ಹೊರಗೆ ತೆಗೆದ. ಹೊನ್ನೆಯ ಹಲಗೆಗಳಿಂದ ಸೊಂಟದೆತ್ತರದ ಅಟ್ಟಣೆ ಕಟ್ಟಿದ. ಹತ್ತಲು ಇಳಿಜಾರು ಹಲಗೆ, ಮುಂದೆ ಹಿಂಡಿಯ ಪೆಟ್ಟಿಗೆ, ಕತ್ತು ಸಿಕ್ಕಿಸಲು ಎರಡು ಗೂಟ, ಅಡ್ಡಕ್ಕೊಂದು ಅಗಳಿ. ಮೇಕೆ ಅಲ್ಲಿಯೂ ಎಡಗಾಲು ಝಾಡಿಸಿತು. ಅವನು ಹಿಂಗಾಲುಗಳಿಗೆ ಹಗ್ಗದ ಕುಣಿಕೆ ಹಾಕಿ ಬಿಗಿದ. ಮರುದಿನ ಒಂದು ತೊಟ್ಟು ಹಾಲೂ ಚೆಲ್ಲಲಿಲ್ಲ. ಮರಿಗೆ ಆ ಎತ್ತರ ಎಟುಕುತ್ತಿರಲಿಲ್ಲ. ಕರೆದಾದ ಮೇಲೆ ಕುಡಿಯಲಿ ಬಿಡು ಎಂದ.

ಊರವರು ಬಂದು ಅಟ್ಟಣೆಯನ್ನು ತಟ್ಟಿ ನೋಡಿ ಭೇಷ್ ಎಂದರು. ಅವರು ಹೋದ ಮೇಲೆ ಹೆಂಡತಿ ಹೇಳಿದಳು:

“ಮರಿ ಎಡಗಡೆ ಮೂಸಿ ಹಂಗೇ ವಾಪಸ್ ಬಂದ್ಬಿಡ್ತದೆ ಕಣ್ರಿ. ನಾಳೆ ಕಾಲು ಬಿಚ್ಚಿ, ಮರೀನ ಮೊದ್ಲು ಬಿಟ್ಟು ನೋಡಿ.”

“ಒದೆಯೋದು ನಿಂತದಲ್ಲ, ಮತ್ತೆ ಯಾಕೆ ಕೆದಕ್ತೀಯ? ಕೂಸಿನ ಹೊಟ್ಟೆ ತುಂಬ್ತಾ ಇಲ್ವಾ?”

ತುಂಬುತ್ತಿದ್ದುದು ನಿಜ. ಅವಳು ಒಳಗೆ ಹೋದಳು.

ನಾಲ್ಕು ದಿನ ಮೇಕೆ ಹಿಂಡಿ ಮುಟ್ಟಲಿಲ್ಲ, ಅರಚಲೂ ಇಲ್ಲ. ಅಂತೂ ಪಳಗಿತು ಎಂದು ಅವನು ಅದರ ಬೆನ್ನು ಚಪ್ಪರಿಸಿದ. ಐದನೆಯ ಬೆಳಿಗ್ಗೆ ಚೊಂಬಿಗೆ ಗರಣೆಗಟ್ಟಿದ ಹಾಲು ಬಿತ್ತು, ಅದರ ಹಿಂದೆಯೇ ರಕ್ತದ ಎಳೆ. ಅವನು ಚೊಂಬು ಕೆಳಗಿಟ್ಟ. ಕುಣಿಕೆ ಬಿಚ್ಚಿದ, ಅಗಳಿ ತೆಗೆದ. ಮೇಕೆ ಇಳಿಯಲಿಲ್ಲ. ಕೆಚ್ಚಲಿನ ಎಡಭಾಗ ಕಲ್ಲಿನಂತೆ ಗಟ್ಟಿಯಾಗಿ ಸುಡುತ್ತಿತ್ತು. ಅಲ್ಲಿ ಒತ್ತಿ ನೋಡಿದ. ಕಾಲು ಬಿಚ್ಚಿದ್ದರೂ ಅದು ಅಲುಗಲಿಲ್ಲ.

“ಒದಿಯವ್ವಾ, ಒಂದ್ಸಲ ಒದಿ” ಎಂದು ಅವನು ಗೋಗರೆದ.

ಸಂಜೆಗೆ ಮೇಕೆ ಸತ್ತಿತು. ಬಡಗಿ ಊರೂರು ಅಲೆದು ಇನ್ನೊಂದು ಮೇಕೆಯನ್ನು ಹಿಡಿದು ತರುವಷ್ಟರಲ್ಲಿ ಮೂರು ದಿನ ಕಳೆದಿತ್ತು. ಹೋಗುವಾಗ ಬೀದಿಯ ಕೊನೆಯವರೆಗೂ ಅವನಿಗೆ ಕೂಸಿನ ಅಳು ಕೇಳಿಸಿತ್ತು. ಬಂದು ಅಂಗಳಕ್ಕೆ ಕಾಲಿಟ್ಟಾಗ ಮನೆಯಲ್ಲಿ ಸದ್ದೇ ಇರಲಿಲ್ಲ. ಸದ್ಯ, ಕೂಸು ನೆಮ್ಮದಿಯಾಗಿ ಮಲಗಿದೆ ಎಂದುಕೊಂಡ. ಹೆಂಡತಿ ಗಂಜಿಯ ಬಟ್ಟಲನ್ನು ಬೋರಲು ಹಾಕಿ ಹೊಸ್ತಿಲಲ್ಲಿ ಕೂತಿದ್ದಳು. ಅವಳು ತಲೆಯೆತ್ತಿ ನೋಡಿದ ಮೇಲೆ ಅವನಿಗೆ ಗೊತ್ತಾಯಿತು.

ಗುರುಗಳು ಕತೆ ನಿಲ್ಲಿಸಿದರು.

“ಅಯ್ಯೋ ಪಾಪ! ಮೇಕೆಗೆ ಕೆಚ್ಚಲು ಬಾವು ಬಂದದ್ದು ಅವನಿಗೆ ಹೇಗೆ ತಿಳಿಯಬೇಕು?” ಎಂದ ಮುರಿಗಯ್ಯ.

“ಅಡುಗೆಮನೆಯಲ್ಲಿ ದೂರು ನಿಂತು ಎಷ್ಟು ದಿನವಾಯಿತೆಂದೆ?” ಎಂದರು ಗುರುಗಳು.

ಮುರಿಗಯ್ಯ ಎದ್ದು ಅಡುಗೆಮನೆಯ ಕಡೆಗೆ ನಡೆದ.