ಕೂಗದವನ ಕಲ್ಲು

“ಅಳುವ ಗಂಡಸನ್ನು ನಂಬಬಾರದು ಎನ್ನುತ್ತಾರಲ್ಲ, ಅದು ನಿಜವೇ ಗುರುಗಳೇ?” ಎಂದು ಶಿಷ್ಯನೊಬ್ಬ ಕೇಳಿದ.

ಕೇಳಲು ಕಾರಣವಿತ್ತು. ಆ ದಿನ ಬೆಳಿಗ್ಗೆ ನೇಕಾರನೊಬ್ಬ ಮಠಕ್ಕೆ ಬಂದು, ತೀರಿಹೋದ ಮಗಳನ್ನು ನೆನೆದು, ಎಲ್ಲರೆದುರು ಬಿಕ್ಕಿ ಬಿಕ್ಕಿ ಅತ್ತಿದ್ದ. ಈ ಶಿಷ್ಯನೇ ಅವನ ರಟ್ಟೆ ಹಿಡಿದು, “ಗಂಡಸಾಗಿ ಹೀಗೆ ಅಳುವುದೇ? ಹೊರಗೆ ನಡೆಯಿರಿ” ಎಂದು ಕರೆದೊಯ್ದಿದ್ದ. ತಾನು ಮಾಡಿದ್ದು ಸರಿ ಎಂದು ಗುರುಗಳ ಬಾಯಿಂದ ಕೇಳುವ ಆಸೆ ಅವನಿಗೆ.

ಗುರುಗಳ ಮುಖ ಕೆಂಪಾಯಿತು.

“ಈ ಗಾದೆ ಕಟ್ಟಿದವನು ಸತ್ತಾಗ ಅವನ ಮನೆಯ ಗಂಡಸರು ನಗುತ್ತಿದ್ದರೇನು?” ಎಂದರು. “ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಎಂಬ ಇನ್ನೊಂದು ಗಾದೆಯನ್ನು ತಂದು ನನ್ನ ಮುಂದೆ ಇಡಬೇಡ. ಹೆಣ ಉರುಳಿಸುವ ಗಾದೆಗಳೂ ಇವೆ. ಕೂತುಕೋ, ಒಂದು ಕತೆ ಹೇಳುತ್ತೇನೆ.”

ಕಪ್ಪು ಮಣ್ಣಿನ ಸೀಮೆಯಲ್ಲಿ ಒಂದು ಊರಿತ್ತು. ಅಲ್ಲಿಯವರು ಜೋಳವನ್ನು ಹಗೇವಿನಲ್ಲಿ ತುಂಬಿಡುತ್ತಿದ್ದರು. ಹಗೇವೆಂದರೆ ನೆಲದೊಳಗಿನ ಕಣಜ. ಒಬ್ಬ ಮನುಷ್ಯ ಇಳಿಯುವಷ್ಟು ಬಾಯಿ, ಒಳಗೆ ಕೋಣೆಯಷ್ಟು ಹೊಟ್ಟೆ. ತಿಂಗಳುಗಟ್ಟಲೆ ಮುಚ್ಚಿಟ್ಟ ಹಗೇವಿನಲ್ಲಿ ಕೆಟ್ಟ ಗಾಳಿ ಕೂಡುತ್ತದೆ. ಅದು ಕಣ್ಣಿಗೆ ಕಾಣುವುದಿಲ್ಲ, ಕಿವಿಗೆ ಕೇಳುವುದಿಲ್ಲ. ಅದನ್ನು ಉಸಿರಾಡಿದವನು ಇದ್ದಲ್ಲೇ ಒರಗುತ್ತಾನೆ.

ಹಿರಿಯರಿಗೆ ಇದು ಗೊತ್ತಿತ್ತು. ಮೊದಲು ಬಾಯಿ ತೆರೆದು ಗಾಳಿಯಾಡಲು ಬಿಡುತ್ತಿದ್ದರು. ಆಮೇಲೆ ದೀಪ ಇಳಿಬಿಡುತ್ತಿದ್ದರು. ದೀಪ ಆರಿದರೆ ಯಾರೂ ಇಳಿಯುತ್ತಿರಲಿಲ್ಲ. ಇಳಿದವನು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಬುಟ್ಟಿಗೆ ಜೋಳ ತುಂಬುತ್ತಾ, ‘ಓ’ ಎಂದು ಕೂಗುತ್ತಲೇ ಇರಬೇಕು. ತಲೆ ತಿರುಗಿದರೆ ‘ಎಳೀರಿ’ ಎನ್ನಬೇಕು. ದನಿ ನಿಂತರೆ ಮೇಲಿನವರು ಹಿಂದುಮುಂದು ನೋಡದೆ ಎಳೆಯಬೇಕು. ಇಷ್ಟೇ ಕಟ್ಟಳೆ. ಅದು ನಡೆಯುವತನಕ ಆ ಊರಿನಲ್ಲಿ ಒಬ್ಬನೂ ಹಗೇವಿಗೆ ಬಲಿಯಾಗಲಿಲ್ಲ.

ಒಂದು ವರ್ಷ ಒಬ್ಬ ತರುಣ ಇಳಿದ ಕೂಡಲೇ ‘ಎಳೀರಿ’ ಎಂದ. ಎಳೆದರು. ಮೇಲೆ ಬಂದವನನ್ನು ನೋಡಿ ಒಬ್ಬ ನಕ್ಕ. ಇನ್ನೊಬ್ಬ, ಬಳೆಗಾರನನ್ನು ಕರೆಯಿರಿ ಎಂದ. ಊರೇ ನಕ್ಕಿತು. ಜೀವ ಉಳಿಸಿಕೊಂಡವನು ಕಳ್ಳನ ಹಾಗೆ ತಲೆ ತಗ್ಗಿಸಿ ಮನೆಗೆ ಹೋದ.

ಮರುವರ್ಷ ಇಳಿದವನು ‘ಎಳೀರಿ’ ಎನ್ನಲು ತಡಮಾಡಿದ. ಅವನ ನಂತರದವನು ‘ಓ’ ಎನ್ನುವುದನ್ನೂ ಬಿಟ್ಟ. ದೀಪ ಇಳಿಬಿಡುವುದು ಹೆದರುಪುಕ್ಕಲರ ಕೆಲಸವಾಯಿತು. ಹೆಣ್ಣು ಕೊಡುವವರು ಹುಡುಗನಿಗೆ ಹೊಲ ಎಷ್ಟಿದೆ ಎಂದು ಕೇಳುವ ಮೊದಲು, ಸದ್ದು ಮಾಡದೆ ಎಷ್ಟು ಹೊತ್ತು ಹಗೇವಿನಲ್ಲಿ ಇರುತ್ತಾನೆ ಎಂದು ಕೇಳತೊಡಗಿದರು. ಜೋಳ ತೆಗೆಯುವ ಕೆಲಸ ಹೋಗಿ ಗಂಡಸುತನದ ಪರೀಕ್ಷೆಯಾಯಿತು. ಯಾವ ಶಾಸ್ತ್ರವೂ ಇದನ್ನು ಹೇಳಿರಲಿಲ್ಲ. ಯಾವ ದೇವರೂ ಕನಸಿನಲ್ಲಿ ಬಂದು ಕೇಳಿರಲಿಲ್ಲ. ಕೆಲಸವಿಲ್ಲದ ನಾಲ್ಕು ಜನ ನಕ್ಕಿದ್ದರು, ಅಷ್ಟೇ.

ಆ ಊರಿನಲ್ಲಿ ಒಬ್ಬ ರೈತನಿದ್ದ. ಅವನಿಗೆ ಒಬ್ಬನೇ ಮಗ. ರೈತ ಕೆಟ್ಟವನಲ್ಲ, ಮಗನ ಮೇಲೆ ಪ್ರಾಣವನ್ನೇ ಇಟ್ಟುಕೊಂಡಿದ್ದ. ಆದರೆ ಮಗ ಬಿದ್ದು ಅತ್ತರೆ “ಹೆಣ್ಣೇನಲೇ ನೀ?” ಎನ್ನುತ್ತಿದ್ದ. ಜ್ವರದಲ್ಲಿ ನರಳಿದರೆ “ಬಾಯಿ ಮುಚ್ಚು” ಎನ್ನುತ್ತಿದ್ದ. ಮಗ ಕಲಿತ. ಇಂಥ ಪಾಠವನ್ನು ಮಕ್ಕಳು ಬೇಗ ಕಲಿಯುತ್ತಾರೆ. ಮೀಸೆ ಮೂಡುವ ಹೊತ್ತಿಗೆ ಅವನ ಬಾಯಿಂದ ನೋವಿನ ಮಾತೇ ಹೊರಡುತ್ತಿರಲಿಲ್ಲ. ಅಪ್ಪನಿಗೆ ಅದೇ ಹೆಮ್ಮೆ.

ಮಗನಿಗೆ ಹೆಣ್ಣು ಗೊತ್ತಾಗುವುದರಲ್ಲಿತ್ತು. ಬೀಗರಾಗುವವರು ಬಂದು ಕೂತರು. ರೈತ ಹಗೇವು ತೆಗೆಸಿದ. ಗಾಳಿಯಾಡಲು ಬಿಡಲಿಲ್ಲ, ದೀಪ ಇಳಿಸಲಿಲ್ಲ. ಬಂದವರೆದುರು ದೀಪ ತಂದರೆ ಮನೆತನದ ಮರ್ಯಾದೆ ಏನಾಗಬೇಕು!

ಇಳಿಯುವ ಮೊದಲು ಮಗ ತಾಯಿಯ ಹತ್ತಿರ ನೀರು ಕೇಳಿ ಕುಡಿದ. ಚೊಂಬು ಬರಿದಾದರೂ ಕೆಳಗಿಡಲಿಲ್ಲ. “ಅಂಜಿಕಿ ಆಗೇದೇನ?” ಎಂದಳು ತಾಯಿ. “ಇಲ್ಲ” ಎಂದ. ಹೌದು ಎನ್ನಲು ಅವನಿಗೆ ಬರುತ್ತಿರಲಿಲ್ಲ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದ. ಹಗ್ಗದ ತುದಿ ಅಪ್ಪನ ಕೈಯಲ್ಲಿತ್ತು.

ಒಂದು ಬುಟ್ಟಿ ಜೋಳ ಮೇಲೆ ಬಂತು. ಇನ್ನೊಂದು ಬರಲಿಲ್ಲ.

ಅಪ್ಪ ಕಿವಿಗೊಟ್ಟ. ಸದ್ದಿಲ್ಲ. ಎಳೆಯಬೇಕು ಎನಿಸಿತು. ಬೀಗರ ಮುಖ ನೋಡಿದ. ಬೀಗರಿಗೂ, ಎಳೆದುಬಿಡಿ ಎನ್ನಬೇಕೆನಿಸಿತ್ತು; ಅವರು ಪಕ್ಕದವರ ಮುಖ ನೋಡಿದರು. ಸುತ್ತ ನಿಂತ ಅಷ್ಟೂ ಗಂಡಸರು ಒಬ್ಬರ ಮುಖ ಒಬ್ಬರು ನೋಡಿದರು. ಕೆಳಗೆ ಒಂದು ಜೀವ ಹೋಗುತ್ತಿತ್ತು, ಮೇಲೆ ಇವರು ಮುಖ ನೋಡುತ್ತಾ ನಿಂತಿದ್ದರು.

ಹಗೇವಿನ ಹತ್ತಿರ ಹೆಂಗಸರು ಸುಳಿಯುವಂತಿರಲಿಲ್ಲ. ತಾಯಿ ಬಾಗಿಲು ಬಿಟ್ಟು ಓಡಿ ಬಂದಳು.

“ನನ್ನ ಮಗನ ದನಿ ಕೇಳವಲ್ದು. ಎಳೀರಿ!”

“ಒಳಗ ನಡಿ” ಎಂದ ರೈತ. “ಅವನೇ ಒದರಿಲ್ಲ, ನಿಂದೇನ ಗದ್ದಲ?”

“ಒದರಾಕ ಕಲಿಸೀರೇನ ಅವಂಗ?” ಎಂದಳು ತಾಯಿ.

ಗಂಡನ ಕೈಯಿಂದ ಹಗ್ಗ ಕಿತ್ತುಕೊಂಡು ಎಳೆದಳು. ಅವಳ ಹಿಂದೆ ಓಡಿ ಬಂದ ಹೆಂಗಸರೂ ಕೈ ಹಾಕಿದರು. ಮಗ ಮೇಲೆ ಬಂದ. ಉಸಿರಿರಲಿಲ್ಲ. ಹಲ್ಲುಗಳು ಕೆಳತುಟಿಯಲ್ಲಿ ಊರಿಕೊಂಡಿದ್ದವು, ಗದ್ದದ ಮೇಲೆ ರಕ್ತವಿತ್ತು. ಕೂಗು ಬಾಯಿಯತನಕ ಬಂದಿತ್ತು. ಅದನ್ನು ಅವನು ಕಚ್ಚಿ ಹಿಡಿದಿದ್ದ.

ತಾಯಿ ಎದೆ ಬಡಿದುಕೊಂಡು ಅತ್ತಳು. ಅಪ್ಪ ಅಳಲಿಲ್ಲ, ನೆಲ ನೋಡುತ್ತಾ ನಿಂತ. “ಮಗನೂ ಗಂಡಸು, ಅಪ್ಪನೂ ಗಂಡಸು” ಎಂದು ಊರಿನವರು ಕೊಂಡಾಡಿದರು. ಹೆಣ್ಣು ಕೊಡಲು ಬಂದವರು ಹೆಣಕ್ಕೆ ಕೈಮುಗಿದು, ಅದೇ ಓಣಿಯ ಇನ್ನೊಂದು ಮನೆಯಲ್ಲಿ ಗಂಡು ಗೊತ್ತುಮಾಡಿಕೊಂಡು ಹೋದರು. ಸತ್ತವನ ಹೆಸರಿನಲ್ಲಿ ಊರ ಮುಂದೆ ಒಂದು ವೀರಗಲ್ಲು ನಿಂತಿತು. ವೀರಗಲ್ಲಂತೆ! ಯಾವ ಯುದ್ಧ? ಯಾರು ಶತ್ರು? ಗೆದ್ದು ತಂದದ್ದು ಒಂದು ಬುಟ್ಟಿ ಜೋಳ.

ಕಲ್ಲಿಗೆ ಕುಂಕುಮ ಹಚ್ಚಿದರು. ಹಗೇವಿಗೆ ಇಳಿಯುವ ಹುಡುಗರು ಮೊದಲು ಅದಕ್ಕೆ ಅಡ್ಡಬಿದ್ದು ಹೋಗಬೇಕು ಎಂದು ಹೊಸ ಕಟ್ಟಳೆ ಮಾಡಿದರು.

ತಾಯಿ ಚಾವಡಿಗೆ ಬಂದಳು. “ಆ ಕಲ್ಲ ಕಿತ್ತ ಒಗೀರಿ” ಎಂದಳು. “ಅದನ್ನ ನೋಡಿ ಇನ್ನೊಬ್ಬಾಕಿ ಮಗ ಸಾಯ್ತಾನ.”

“ಹಡದ ಮಗಗ ನೀನಽ ಅವಮಾನ ಮಾಡ್ತೀಯೇನವಾ?” ಎಂದರು ಹಿರಿಯರು.

ಅವಳು ಗಂಡನ ಕಡೆ ತಿರುಗಿದಳು. ರೈತ ಬಾಯಿ ತೆರೆದ. ಸುತ್ತ ಕೂತವರನ್ನು ಒಮ್ಮೆ ನೋಡಿ ಬಾಯಿ ಮುಚ್ಚಿಕೊಂಡ. ಅವಳು ಒಬ್ಬಳೇ ಹೋಗಿ ಕಲ್ಲಿಗೆ ಕೈ ಹಾಕಿದಳು. ಆಳಕ್ಕೆ ಹೂತ ಕಲ್ಲು, ಅಲುಗಲಿಲ್ಲ. ಈ ಸಲ ಅವಳ ಹಿಂದೆ ಹೋಗಲು ಊರಿನ ಗಂಡಸರು ಯಾವ ಹೆಂಗಸನ್ನೂ ಮನೆಯಿಂದ ಹೊರಗೆ ಬಿಡಲಿಲ್ಲ.

ಮರುವರ್ಷ ಆ ಕಲ್ಲಿನ ಪಕ್ಕದಲ್ಲಿ ಇನ್ನೊಂದು ಕಲ್ಲು ನಿಂತಿತು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ಸಿಟ್ಟು ತಡೆಯಲಾಗಲಿಲ್ಲ.

“ಆ ಊರಿನಲ್ಲಿ ಅಷ್ಟು ಜನ ಗಂಡಸರಿದ್ದರಲ್ಲ ಗುರುಗಳೇ, ಸಾವಿನ ಬಾಯಿಗೇ ಇಳಿಯುವಂಥವರು! ಒಬ್ಬನಾದರೂ ಮುಂದೆ ಬಂದು ಆ ಕಲ್ಲುಗಳನ್ನು ಕೀಳಬಾರದಿತ್ತೇ?” ಎಂದು ಕೇಳಿದ.

“ಕಿತ್ತರೆ ಪಕ್ಕದವನು ಏನೆಂದಾನೋ ಎಂದು ಆ ಗಂಡಸರಿಗೆಲ್ಲ ಹೆದರಿಕೆ” ಎಂದರು ಗುರುಗಳು.