ಮಜ್ಜಿಗೆ ಹುಲ್ಲಿನ ಗುರುತು

ನಗೋರು ಈಗಲೇ ನಕ್ಕುಬಿಡಿ, ಆಮೇಲೆ ಬಾಯಿ ಬರುತ್ತೋ ಇಲ್ಲವೋ. ಬೆಟ್ಟದ ತಪ್ಪಲಲ್ಲಿ ಕೆಂಪಮಾದಮ್ಮ ಅಂತ ಒಬ್ಬಳು ಸೂಲಗಿತ್ತಿ. ಅವಳಿಗೊಬ್ಬ ಮಗ ಜವರ, ಹೇಳಿದ್ದಷ್ಟೇ ಮಾಡುವ ಶುದ್ಧ ಪೆದ್ದ. ಮಗಳು ದುಂಡಿಗೆ ದಿನ ತುಂಬಿತ್ತು. ಬಾಣಂತಿ ಸ್ನಾನದ ನೀರಿಗೆ ಘಮಘಮಿಸುವ ಮಜ್ಜಿಗೆ ಹುಲ್ಲು ಬೇಕು. ಬೆಟ್ಟ ಹತ್ತೋಣ ಅಂದರೆ ಮುದುಕಿಗೆ ಮಂಡಿ ಬಗ್ಗದು. ಮಗನಿಗೇ ಗುರುತು ಹೇಳಿ ಕಳಿಸಿದಳು.

"ಬಾದೆ ಹುಲ್ಲೂ ಅದೂ ಅಕ್ಕತಂಗೀರು ಕಣ್ಲಾ, ನೋಡೋಕೆ ಒಂದೇ ತರ. ಅಂಗೈಲಿ ಉಜ್ಜಿ ಮೂಸು. ಗಮ್ಮಂದ್ರೆ ಕುಯ್ಯಿ."

ಜವರ ಉಜ್ಜಿದ, ಮೂಸಿದ, ಗಮ್ಮೆಂದಿತು. ಪಕ್ಕದ್ದೂ ಗಮ್ಮೆಂದಿತು. ಅದರಾಚೆಯದೂ ಗಮ್ಮೆಂದಿತು! ಹೊರೆ ಹೊತ್ತು ತಂದ. ಬಿಚ್ಚಿದರೆ ನಾಲ್ಕೇ ಎಳೆ ಮಜ್ಜಿಗೆ ಹುಲ್ಲು, ಮಿಕ್ಕಿದ್ದೆಲ್ಲ ಬಾದೆ.

"ಅಯ್ಯೋ ಮಂಕೇ! ಗಮ್ಮಂದಿದ್ದು ನಿನ್ ಕೈ ಕಣ್ಲಾ! ಕೈ ತೊಳ್ಕೊಂಡು ಮೂಸು!"

ಮರುದಿನ ಒಂದೆಳೆ ಮೂಸಿದ, ಹಳ್ಳಕ್ಕಿಳಿದು ಕೈ ತೊಳೆದ. ಇನ್ನೊಂದು ಮೂಸಿದ, ಮತ್ತೆ ಹಳ್ಳಕ್ಕಿಳಿದ. ಹೊತ್ತು ಮುಳುಗಿತು. ಕೈ ಬೆಳ್ಳಗಾಗಿತ್ತು, ಹುಲ್ಲು ಮಾತ್ರ ಇರಲಿಲ್ಲ.

"ಮೂಸ್ಲೇಬೇಡ ಬುಡು! ತೆನೆ ನೋಡು. ಜೋಡಿ ತೆನೆ ಇದ್ರೆ ನಮ್ದು!"

ಒಂಟಿ ತೆನೆ ಕಂಡಲ್ಲೆಲ್ಲ ಜವರ ಎರಡೆರಡು ಸೇರಿಸಿ ನಾರಿನಲ್ಲಿ ಗಂಟು ಹಾಕಿದ. "ಎಲ್ಲಾ ಜೋಡಿ ಮಾಡಿವ್ನಿ ಕಣವ್ವಾ!"

ಒಳಗೆ ದುಂಡಿ ನರಳುತ್ತಿದ್ದಳು. ಅವ್ವ ಹಣೆ ಚಚ್ಚಿಕೊಂಡಳು. "ಬುಡ ಕೆಂಪಗಿರ್ತದೆ ಕಣಪ್ಪಾ, ಬುಡ ನೋಡ್ಕೊಂಡು ಬಾ!"

ಹೋದ, ನೋಡಿದ, ಬರಿಗೈಯಲ್ಲಿ ಬಂದ. "ನೋಡ್ದೆ ಕಣವ್ವಾ! ಬಂಡೆ ಸಂದೀಲಿ ಒಂದೇ ಒಂದು ಬುಡ ಉಳ್ಕಂಡಿತ್ತು. ಕಿತ್ತು, ಮಣ್ ಕೊಡವಿ ನೋಡ್ದೆ, ಚೆಂದಾಗ್ ಕೆಂಪಗಿತ್ತು!"

"ಎಲ್ಲೋ ಅದು?"

"ನೋಡ್ಕೊಂಡು ಬಾ ಅಂದೆ, ತತ್ತಾ ಅಂದ್ಯಾ? ಅಲ್ಲೇ ಬುಟ್ಟೆ. ಮ್ಯಾಕೆ ತಿಂದ್ಬುಡ್ತು."

ಮುದುಕಿ ಬೈಯಲಿಲ್ಲ. ಬೆಟ್ಟದ ತುಂಬ ಇದ್ದ ಹುಲ್ಲು ಅದು, ವರ್ಷವರ್ಷವೂ ಬುಡಸಮೇತ ಕಿತ್ತು ಕಿತ್ತು ಬರಿದಾಗಿತ್ತು. ಊರ ಬಾಣಂತಿಯರಿಗೆಲ್ಲ ಆ ನೀರು ಹುಯ್ದವಳಿಗೆ ಈಗ ಸ್ವಂತ ಮಗಳ ಬೆನ್ನಿಗೆ ಹುಯ್ಯಲು ಬರೀ ಬಿಸಿನೀರು. "ಗುರುತೆಲ್ಲಾ ಹೇಳ್ಕೊಟ್ಟೆ. ಬುಡ ಉಳಿಸ್ಬೇಕು ಅಂತ ಒಂದ್ಸಲಾನೂ ಹೇಳ್ನಿಲ್ವಲ್ಲಪ್ಪಾ," ಎಂದು ಅತ್ತಳು. ಅಷ್ಟರಲ್ಲಿ ಅವನ ಕೈಯಿಂದ ಘಮ ತೇಲಿ ಬಂತು.

"ತತ್ತಾ ಮಗಾ ಕೈಯ. ಕಡೇದಾಗಿ ಒಂದ್ಸಲ ಮೂಸ್ತೀನಿ."

"ತಡಿಯವ್ವಾ," ಅಂದ ಜವರ. ಮೂಸುವ ಮೊದಲು ಏನು ಮಾಡಬೇಕೆಂದು ಅವನಿಗೆ ಚೆನ್ನಾಗಿ ನೆನಪಿತ್ತು. ಹಂಡೆಯ ಬಿಸಿನೀರಲ್ಲಿ ಉಜ್ಜಿ ಉಜ್ಜಿ ಕೈ ತೊಳೆದು, ಅವ್ವನ ಮೂಗಿಗೆ ಹಿಡಿದ.