ಕಾಯಿ ಒಡೆದ ಮೇಲೆ ಬಿಚ್ಚದ ಎಂಜಿನ್

ಗಡಿಯ ಎತ್ತರದ ಠಾಣೆಯೊಂದರಲ್ಲಿ ಒಂದು ಸ್ನೋ ಸ್ಕೂಟರ್ ಇತ್ತು. ಹಿಮದ ಮೇಲೆ ಜಾರುತ್ತ ಓಡುವ ಗಾಡಿ ಅದು. ಎರಡು ವರ್ಷದಿಂದ ಅದನ್ನು ಯಾರೂ ಮುಟ್ಟಿರಲಿಲ್ಲ. ತಾಡಪತ್ರಿ ಹೊದ್ದು ಶೆಡ್ಡಿನ ಮೂಲೆಯಲ್ಲಿ ಬಿದ್ದುಕೊಂಡಿತ್ತು, ಗೊರಕೆಯೊಂದು ಬಾಕಿ. ಮೂಲೆಗೆ ತಳ್ಳುವಾಗ ಪೆಟ್ರೋಲು ಖಾಲಿ ಮಾಡಬೇಕೆಂಬ ಬುದ್ಧಿ ಯಾರಿಗೂ ಹೊಳೆಯಲಿಲ್ಲ. ಅದು ಒಳಗೇ ಆರಿ ಅಂಟಾಗಿತ್ತು.

ಒಂದು ಮುಂಜಾನೆ ಬಸಲಿಂಗ ಎಂಬ ಸಿಪಾಯಿ ಬಂಡೆಯಿಂದ ಜಾರಿ ಕಾಲು ಮುರಿದುಕೊಂಡ. ನೋಡನೋಡುತ್ತಿದ್ದಂತೆ ಪಾದ ಕಪ್ಪಾಗತೊಡಗಿತು. ಗಾಳಿಯ ಅಬ್ಬರಕ್ಕೆ ಹೆಲಿಕಾಪ್ಟರ್ ಬರುವಂತಿರಲಿಲ್ಲ. ಕೆಳಗಿನ ಆಸ್ಪತ್ರೆಗೆ ಮುಟ್ಟಿಸದಿದ್ದರೆ ಮೊದಲು ಕಾಲು ಹೋಗುತ್ತದೆ, ಆಮೇಲೆ ಜೀವ. ಈಗ ಎಲ್ಲರಿಗೂ ಸ್ನೋ ಸ್ಕೂಟರ್ ನೆನಪಾಯಿತು.

ಗಾಡಿ ರಿಪೇರಿಯ ಯಮನಪ್ಪ ಹಳೆಯ ಪೆಟ್ರೋಲು ಚೆಲ್ಲಿದ, ಪ್ಲಗ್ ಬದಲಿಸಿದ, ಕಾರ್ಬೊರೇಟರ್ ಬಿಚ್ಚಿ ಒರೆಸಿದ. ಹೊಸ ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕಿ ಸ್ಟಾರ್ಟ್ ಮಾಡುವ ಹಗ್ಗ ಎಳೆದ. ಎಳೆದೆಳೆದು ತೋಳು ಸೋಲುವ ಹೊತ್ತಿಗೆ ಎಂಜಿನ್ ಹೊಗೆ ಕಾರುತ್ತ ಎದ್ದಿತು. ಹವಾಲ್ದಾರ ಗುರುಪಾದಪ್ಪ ತಡಮಾಡದೆ ಟ್ರಂಕಿನಿಂದ ತೆಂಗಿನಕಾಯಿ ತೆಗೆದು ಒಡೆದ. ಠಾಣೆಯಲ್ಲಿದ್ದ ಸವದತ್ತಿ ಕಡೆಯ ಹುಡುಗರದು ಒಂದು ಪದ್ಧತಿ. ಕಾಯಿ ಒಡೆಯದೆ ಗಾಡಿ ಹೊರಡಬಾರದು, ಒಡೆದ ಮೇಲೆ ಎಂಜಿನ್ ಬಿಚ್ಚಬಾರದು. ಬಿಚ್ಚಿದರೆ ಅಪಶಕುನ.

ಎಲ್ಲರೂ ಕೊಬ್ಬರಿ ಜಗಿಯುತ್ತಿದ್ದಾಗ ಯಮನಪ್ಪ ಒಮ್ಮೆ ಪೂರ್ತಿ ಆಕ್ಸಿಲರೇಟರ್ ಕೊಟ್ಟ. ಸದ್ದು ಏರಿತು. ನಡುವೆ ಉಸಿರು ಕಟ್ಟಿದಂತೆ ಕುಗ್ಗಿ ಮತ್ತೆ ಏರಿತು. ಅವನಿಗೆ ತಿಳಿದುಹೋಯಿತು. ಕಾರ್ಬೊರೇಟರಿನೊಳಗೆ ಪೆಟ್ರೋಲು ಹೋಗುವ ಸಣ್ಣ ತೂತಿನಲ್ಲಿ ಅಂಟು ಇನ್ನೂ ಉಳಿದಿದೆ. ನಿಂತಲ್ಲಿ ಈ ಎಂಜಿನ್ ಓಡುತ್ತದೆ, ಭಾರ ಎಳೆಯುವಾಗ ಕೈ ಕೊಡುತ್ತದೆ. ಬಿಚ್ಚಿ ಸ್ವಚ್ಛ ಮಾಡಲು ಅರ್ಧ ಗಂಟೆ ಸಾಕಿತ್ತು.

"ಸಾಹೇಬ್ರ..."

"ಏನಪಾ?"

ಯಮನಪ್ಪ ಹವಾಲ್ದಾರನ ಮುಖ ನೋಡಿದ. ಕಾಲ ಬಳಿಯ ಕಾಯಿಚೂರು ನೋಡಿದ. "ಏನಿಲ್ರಿ" ಎಂದ.

ಗಾಡಿಯ ಹಿಂದೆ ಕಟ್ಟಿದ ಸ್ಲೆಡ್ಜಿಗೆ, ಅಂದರೆ ಜಾರುಬಂಡಿಗೆ, ಬಸಲಿಂಗನನ್ನು ಬೆಲ್ಟುಗಳಿಂದ ಬಿಗಿದು ಹವಾಲ್ದಾರ, ಯಮನಪ್ಪ ಇಬ್ಬರೂ ಹೊರಟರು. ದಾರಿಯಲ್ಲಿ ಒಂದು ಕಡಿದಾದ ಇಳಿಜಾರನ್ನು ಅಡ್ಡ ಹಾಯಬೇಕು. ಅದರ ಮೇಲ್ಗಡೆ ಹಿಮ ರಾಶಿ ರಾಶಿಯಾಗಿ ಕೂತಿರುತ್ತದೆ. ಬಿಸಿಲು ತಾಗಿದರೆ ಯಾವಾಗ ಕಳಚಿ ಬೀಳುತ್ತದೋ ಹೇಳಲಾಗದು. ಅಲ್ಲಿ ಉಗುಳಲೂ ನಿಲ್ಲಬಾರದು ಎಂದು ಠಾಣೆಯಲ್ಲಿ ಹೇಳುತ್ತಿದ್ದರು.

ಸರಿಯಾಗಿ ಅಲ್ಲೇ, ನಟ್ಟನಡುವೆ, ಎಂಜಿನ್ ನಿಂತಿತು.

ಎಷ್ಟು ಎಳೆದರೂ ಏಳಲಿಲ್ಲ. ಮೇಲಿನ ಅಂಚಿಗೆ ಆಗಲೇ ಬಿಸಿಲು ಬಿದ್ದಿತ್ತು. ಹಿಡಿಯಷ್ಟು ಹಿಮ ಉರುಳುತ್ತ ಬಂದು ಸ್ಲೆಡ್ಜಿಗೆ ಬಡಿಯಿತು. ಹವಾಲ್ದಾರ ಒಮ್ಮೆ ಮೇಲೆ ನೋಡಿದ, ಒಮ್ಮೆ ಆಚೆಯ ಬಂಡೆಯನ್ನು ನೋಡಿದ. ಓಡಿದರೆ ಮುಟ್ಟಬಹುದೇ ಎಂದು ಅವನ ಕಣ್ಣು ಅಳೆಯಿತು. ಬಸಲಿಂಗ ಆ ಕಣ್ಣನ್ನೇ ನೋಡುತ್ತಿದ್ದ.

"ಬಿಚ್ಚಬೇಕ್ರಿ" ಎಂದ ಯಮನಪ್ಪ.

"ಬಿಚ್ಚಪಾ, ಲಗೂನ ಬಿಚ್ಚು."

ಕೈಗವಸು ತೆಗೆದು ಯಮನಪ್ಪ ಕಾರ್ಬೊರೇಟರಿಗೆ ಕೈಹಾಕಿದ. ತಣ್ಣನೆಯ ಲೋಹಕ್ಕೆ ಬೆರಳ ಚರ್ಮ ಅಂಟಿ ಕಿತ್ತುಬಂತು. ಮತ್ತೊಂದು ಹಿಮದ ಹೆಂಟೆ ಉರುಳಿತು, ಈ ಸಲ ತಲೆಯಷ್ಟು ದೊಡ್ಡದು. ಸಣ್ಣ ತಂತಿಯನ್ನು ತೂತಿಗೆ ಹಾಕಲು ಹೋದರೆ ಮರಗಟ್ಟಿದ ಬೆರಳಿಗೆ ತೂತೇ ಸಿಗದು. ಕಡೆಗೂ ತಂತಿ ಒಳಹೋಯಿತು. ಊದಿದಾಗ ಅಂಟಿನ ಕಂದು ಚೂರೊಂದು ಹೊರಬಿತ್ತು, ಎಳ್ಳಿಗಿಂತ ಸಣ್ಣದು. ಮೂರು ಜೀವ ಆ ಚೂರಿನಲ್ಲಿ ಸಿಕ್ಕಿಕೊಂಡಿದ್ದವು. ಮತ್ತೆ ಹಗ್ಗ ಎಳೆದಾಗ ಎಂಜಿನ್ ಎದ್ದಿತು.

ಕತೆ ಹೇಳುವವರು ಇಲ್ಲಿ ಬೆನ್ನ ಹಿಂದೆಯೇ ಹಿಮ ಕುಸಿಸಿಬಿಡುತ್ತಾರೆ. ಅಂದು ಅದು ಕುಸಿಯಲಿಲ್ಲ. ಕುಸಿಯದಿದ್ದುದು ಅವರ ಜಾಣತನದಿಂದಲ್ಲ.

ಆಸ್ಪತ್ರೆಯ ಬಾಗಿಲಲ್ಲಿ ಡಾಕ್ಟರಿಗಾಗಿ ಕಾಯುತ್ತ ನಿಂತರು. ಹವಾಲ್ದಾರ ಯಮನಪ್ಪನನ್ನು ಕೇಳಿದ.

"ನಿನಗ ಮೊದಲ ಗೊತ್ತಿತ್ತೇನು?"

"ಗೊತ್ತಿತ್ರಿ. ಶೆಡ್ಡಿನ್ಯಾಗ ಒಂದು ಸಲ ಸಪ್ಪಳ ಕುಗ್ಗಿತ್ತು. ನಿಮಗ ಅಂಜಿ ಹೇಳಲಿಲ್ರಿ."

ಗುರುಪಾದಪ್ಪ ತಲೆ ತಗ್ಗಿಸಿದ. "ಆ ಸಪ್ಪಳ ನನಗೂ ಕೇಳಿತ್ತು. ಕಾಯಿ ಒಡದು ಬಿಟ್ಟಿದ್ನಿ. ಮತ್ತ ಬಿಚ್ಚಂದ್ರ ಹುಡುಗರು ಏನಂತಾರೋ ಅಂತ ನಾನೂ ಅಂಜಿದ್ನಿ."

ಸ್ಲೆಡ್ಜಿನಲ್ಲಿ ಬಿಗಿದಿದ್ದ ಬಸಲಿಂಗ ಕಣ್ಣು ತೆರೆದ.

"ಇಬ್ಬರಿಗೂ ಕೇಳಿತ್ತು" ಎಂದ. "ಓಡಿ ಹೋಗಾಕ ಇಬ್ಬರಿಗೂ ಕಾಲಿದ್ದವು. ಕಟ್ಟಿ ಹಾಕಿದ್ದು ನನ್ನ."

ಯಮನಪ್ಪ ಬಗ್ಗಿ, ಚರ್ಮ ಕಿತ್ತ ಬೆರಳುಗಳಿಂದಲೇ ಬೆಲ್ಟು ಬಿಚ್ಚತೊಡಗಿದ.

ನೀತಿ: ಅಂಜಿಕೆ ತಪ್ಪಲ್ಲ, ಅದನ್ನು ನುಂಗಿಕೊಳ್ಳುವುದು ತಪ್ಪು. ಹೊರಡುವ ಮೊದಲೇ ಬಾಯಿಬಿಟ್ಟು ಹೇಳಿದ ಅನುಮಾನಕ್ಕೆ ಅರ್ಧ ಗಂಟೆ ಖರ್ಚು. ಹೇಳದೆ ಬಿಟ್ಟರೆ ಅದರ ಬೆಲೆ ತೆರುವವನು ಹೆಚ್ಚಾಗಿ ನಮ್ಮನ್ನು ನಂಬಿ ಮಲಗಿದವನು.